ಹಿತ್ತಲಲ್ಲಿ ತಾನಾಗಿಯೇ ಎದ್ದ ಗಿಡ ಯಾವುದು?

ಈ ಸಲ ಬಂದ ಪತ್ರಗಳಲ್ಲಿ ಗಿಡದ ಹೆಸರು ಕೇಳಿದವೇ ಜಾಸ್ತಿ. ಅದರಲ್ಲೂ ಏಪ್ರಿಲ್ ಬಿಸಿಲಿಗೆ ಸುತ್ತಲಿನದೆಲ್ಲ ಬೋಳಾದರೂ ಹಸಿರಾಗಿಯೇ ನಿಂತ ಗಿಡಗಳ ಬಗ್ಗೆ. ಎಲ್ಲಕ್ಕೂ ಉತ್ತರ ಕೊಡಲು ಜಾಗ ಸಾಲದು. ಹಾಗಾಗಿ ಬೇರೆಯವರಿಗೂ ಉಪಯೋಗಕ್ಕೆ ಬರುವಂಥವನ್ನು ಆರಿಸಿದ್ದೇನೆ. ಮೊದಲನೆಯದಕ್ಕೆ ಉದ್ದವಾಗಿಯೇ ಬರೆದಿದ್ದೇನೆ, ಯಾಕೆಂದರೆ ಆ ಪತ್ರದಲ್ಲಿ ಗಿಡವನ್ನು ಕಿತ್ತು ಹಾಕುವ ಮಾತಿದೆ.

ಪ್ರಶ್ನೆ: ಧಾರವಾಡದ ಸಾಧನಕೇರಿ ಹತ್ತಿರ ನಮ್ಮದೊಂದು ಹಳೆಯ ಮನೆ. ಹಿತ್ತಲಲ್ಲಿ ಕರಿಬೇವಿನ ಬುಡದಿಂದ ಒಂದು ಮಾರು ದೂರದಲ್ಲಿ ಗಿಡವೊಂದು ತಾನಾಗಿಯೇ ಎದ್ದಿದೆ. ನಾವ್ಯಾರೂ ಹಚ್ಚಿದ್ದಲ್ಲ. ಈಗ ತಲೆ ಮೀರಿ ಬೆಳೆದಿದೆ. ಎಲೆಗಳು ಎದುರುಬದುರು, ನುಣುಪು, ವರ್ಷವಿಡೀ ಹಸಿರು. ಮುಳ್ಳಿಲ್ಲ, ಹಾಲು ಬರುವುದಿಲ್ಲ, ಹಿಸುಕಿದರೆ ವಾಸನೆಯೂ ಇಲ್ಲ. ಟೊಂಗೆ ತೆಳ್ಳಗಿದ್ದು ತುದಿ ಜೋತು ಬಿದ್ದಿದೆ. ಈಗ ಸಣ್ಣ ಸಣ್ಣ ಹೂ ಬಿಟ್ಟಿದೆ, ಕಂದುಗೆಂಪು, ನಾಲ್ಕೇ ಎಸಳು. ಮೊಬೈಲ್ ಆ್ಯಪ್ ಒಮ್ಮೆ ಪ್ಯಾರಲ ಅಂತ ತೋರಿಸಿತು, ಇನ್ನೊಮ್ಮೆ ದಾಳಿಂಬೆ, ಮತ್ತೊಮ್ಮೆ ನಂದಿಬಟ್ಟಲು. ಇದು ಕರಿಬೇವಿನ ಸತ್ವ ಹೀರುತ್ತಿದೆ, ಕಿತ್ತು ಬೇರೆ ಕಡೆ ಹಚ್ಚೋಣ ಇಲ್ಲವೇ ಒಗೆದುಬಿಡೋಣ ಅಂತ ಮನೆಯಲ್ಲಿ ಹಿರಿಯರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಕೀಳಬೇಡಿ. ಬೇರೆ ಕಡೆಗೂ ಹಚ್ಚಬೇಡಿ. ನೀವು ಬರೆದ ಲಕ್ಷಣ, ಕಳಿಸಿದ ಮೂರು ಫೋಟೊ ಎಲ್ಲವನ್ನೂ ಕೂಡಿಸಿ ನೋಡಿದರೆ ಇದು ಶ್ರೀಗಂಧ. ಸ್ಯಾಂಟಲಮ್ ಆಲ್ಬಮ್.

ನೀವು ನಿಜಕ್ಕೂ ಚೆನ್ನಾಗಿ ನೋಡಿದ್ದೀರಿ. ಮುಳ್ಳಿಲ್ಲ ಅಂದಿರಿ, ಹಾಲಿಲ್ಲ ಅಂದಿರಿ, ವಾಸನೆ ಇಲ್ಲ ಅಂದಿರಿ. ಆ್ಯಪ್ ಕೊಟ್ಟ ಮೂರೂ ಹೆಸರುಗಳನ್ನು ಈ ಮೂರು ಮಾತಿನಿಂದಲೇ ಅಳಿಸಬಹುದು. ನಂದಿಬಟ್ಟಲಾಗಿದ್ದರೆ ಎಲೆ ಚಿವುಟಿದ ಕೂಡಲೇ ಬಿಳಿ ಹಾಲು ಒಸರಬೇಕಿತ್ತು. ಪ್ಯಾರಲದ ಎಲೆಯನ್ನು ಹಿಸುಕಿದರೆ ಹಣ್ಣಿನದೇ ವಾಸನೆ ಬರುತ್ತದೆ, ಎಲೆಯ ಕೆಳಗೆ ನರಗಳು ಉಬ್ಬಿ ಕಾಣುತ್ತವೆ, ಬಿಸಿಲಿಗೆ ಹಿಡಿದರೆ ಸೂಜಿ ಚುಚ್ಚಿದಂಥ ಎಣ್ಣೆ ಚುಕ್ಕಿಗಳು ಮಿನುಗುತ್ತವೆ. ದಾಳಿಂಬೆಗೆ ಎಲೆ ಸಣ್ಣದು, ಉದ್ದುದ್ದ, ಎಷ್ಟೋ ಟೊಂಗೆಗಳ ತುದಿ ಮುಳ್ಳಾಗಿರುತ್ತದೆ. ನಿಮ್ಮ ಗಿಡದಲ್ಲಿ ಇದ್ಯಾವುದೂ ಇಲ್ಲ ಅಲ್ವಾ? ಆ್ಯಪ್‌ಗೆ ಎಲೆಯ ಆಕಾರ ಮಾತ್ರ ಕಾಣುತ್ತದೆ. ಚಿವುಟಿ ನೋಡಲು, ಮೂಸಿ ನೋಡಲು ಅದಕ್ಕೆ ಆಗುವುದಿಲ್ಲ. ಕೈಯಿಂದ ಮುಟ್ಟಿ ತಿಳಿಯುವುದು ಹೆಸರು ಹುಡುಕುವ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ, ಇದನ್ನು ನಾನು ಪ್ರತಿ ಸಲ ಹೇಳುತ್ತೇನೆ, ಇನ್ನು ಮುಂದೆಯೂ ಹೇಳುತ್ತೇನೆ.

ಈಗ ಗಂಧವೇ ಅಂತ ಹೇಗೆ ಖಚಿತ ಮಾಡಿಕೊಳ್ಳುವುದು? ಹೂವನ್ನು ಹತ್ತಿರದಿಂದ ನೋಡಿ. ಒಂದು ಹೂ ಅಕ್ಕಿಕಾಳಿಗಿಂತ ಅಷ್ಟೇನೂ ದೊಡ್ಡದಲ್ಲ, ಹಾಗಾಗಿ ಭೂತಗನ್ನಡಿ ಇದ್ದರೆ ಒಳ್ಳೆಯದು. ಅರಳಿದ ಹೊಸದರಲ್ಲಿ ಅದು ಒಣಹುಲ್ಲಿನ ಬಣ್ಣಕ್ಕಿರುತ್ತದೆ, ಆಮೇಲೆ ನಿಧಾನಕ್ಕೆ ಕಂದುಗೆಂಪಿಗೆ ತಿರುಗುತ್ತದೆ. ಹೀಗಾಗಿ ಒಂದೇ ಗೊಂಚಲಲ್ಲಿ ಎರಡೂ ಬಣ್ಣದ ಹೂ ಸಿಗುತ್ತವೆ. ನಿಮ್ಮ ಎರಡನೇ ಫೋಟೊದ ಎಡಗಡೆ ಮೂಲೆಯಲ್ಲಿ ಹಾಗೆಯೇ ಇದೆ, ನೋಡಿ. ಹೂವಿಗೆ ಪರಿಮಳ ಇರುವುದಿಲ್ಲ. ಇನ್ನು ಕೆಲವು ವಾರ ಬಿಟ್ಟರೆ ಕಾಯಿ ಕಟ್ಟುತ್ತದೆ. ಬಟಾಣಿಗಿಂತ ತುಸು ದೊಡ್ಡ ಗುಂಡನೆ ಕಾಯಿ, ಹಸಿರಿನಿಂದ ಕೆಂಪಾಗಿ, ಆಮೇಲೆ ನೇರಳೆ ಮಿಶ್ರಿತ ಕಪ್ಪಾಗುತ್ತದೆ. ಅದರ ತಲೆಯ ಮೇಲೆ ಉಂಗುರದಂಥ ಗುರುತು ಇರುತ್ತದೆ. ಹೂವಿನ ಎಸಳು ಉದುರಿದ ಜಾಗ ಅದು. ಒಡೆದರೆ ಒಳಗೆ ಒಂದೇ ಬೀಜ. ಆ ಉಂಗುರ ಕಂಡರೆ ಮತ್ತೆ ಅನುಮಾನ ಬೇಡ.

ಎಲೆಯನ್ನೂ ಒಮ್ಮೆ ತಿರುಗಿಸಿ ನೋಡಿ. ಮೇಲೆ ಹೊಳೆಯುವ ಹಸಿರು, ಕೆಳಗೆ ತುಸು ಬೂದಿ ಬಳಿದ ಹಾಗೆ ಮಸುಕು. ಪಕ್ಕದ ನರಗಳು ಹೆಚ್ಚೇನೂ ಎದ್ದು ಕಾಣುವುದಿಲ್ಲ. ಉದ್ದ ಸಾಮಾನ್ಯವಾಗಿ ಮೂರರಿಂದ ಎಂಟು ಸೆಂಟಿಮೀಟರ್.

"ಗಂಧ ಅಂದಮೇಲೆ ಪರಿಮಳ ಯಾಕಿಲ್ಲ" ಅಂತ ನಿಮ್ಮ ಮನೆಯವರು ಕೇಳಿಯೇ ಕೇಳುತ್ತಾರೆ. ಪರಿಮಳ ಇರುವುದು ಎಲೆಯಲ್ಲಲ್ಲ, ಹೂವಲ್ಲಲ್ಲ, ತೊಗಟೆಯಲ್ಲೂ ಅಲ್ಲ. ಕಾಂಡದ ನಡುವಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗು ಕಟ್ಟಲು ಶುರುವಾಗುವುದಕ್ಕೇ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬೇಕು, ಅದು ಚೆನ್ನಾಗಿ ತುಂಬಲು ಇನ್ನೂ ಬಹಳ ವರ್ಷ. ಹೀಗಾಗಿ ಎಳೆಯ ಗಿಡದ ಟೊಂಗೆ ಮುರಿದು ಮೂಸಿ, "ಇದು ಗಂಧ ಅಲ್ಲ" ಅಂತ ತೀರ್ಮಾನಿಸುವುದು ತಪ್ಪು. ಎಷ್ಟೋ ಹಿತ್ತಲುಗಳಲ್ಲಿ ಗಂಧದ ಸಸಿ ಕಳೆಯ ಜೊತೆ ಕುಡುಗೋಲಿಗೆ ಸಿಕ್ಕು ಹೋಗುವುದು ಹೀಗೆಯೇ, ನನಗೆ ತುಂಬ ಸಂಕಟವಾಗುವ ವಿಷಯ ಇದು.

ಅದು ನಿಮ್ಮ ಹಿತ್ತಲಿಗೆ ಬಂದದ್ದು ಹಕ್ಕಿಗಳಿಂದ. ಕೋಗಿಲೆ, ಪಿಕಳಾರ ಇವಕ್ಕೆಲ್ಲ ಗಂಧದ ಹಣ್ಣು ಬಹಳ ಇಷ್ಟ. ತಿಂದು ಎಲ್ಲೋ ಕೂತು ಹಿಕ್ಕೆ ಹಾಕಿದಲ್ಲಿ ಬೀಜ ಬೀಳುತ್ತದೆ. ಬೇಲಿಸಾಲು, ದೊಡ್ಡ ಗಿಡದ ಬುಡ, ಕಂಪೌಂಡ್ ಗೋಡೆಯ ಪಕ್ಕ ಇಂಥ ಕಡೆಯೇ ಸಸಿಗಳು ಸಿಗುವುದು ಇದಕ್ಕೆ. ಧಾರವಾಡವಂತೂ ಗಂಧಕ್ಕೆ ಹೇಳಿ ಮಾಡಿಸಿದ ಊರು. ಸಮುದ್ರಮಟ್ಟದಿಂದ 700 ಮೀಟರ್‌ಗಿಂತ ಎತ್ತರ, ನೀರು ನಿಲ್ಲದ ಕೆಂಪು ಮಣ್ಣು, ಅತಿ ಅನ್ನಿಸದ ಮಳೆ. ಕಲಘಟಗಿ, ಅಳ್ನಾವರ ಕಡೆಯ ಕಾಡು ಮತ್ತು ನವಲಗುಂದದ ಎರೆಹೊಲ ಎರಡರ ನಡುವೆ ಇರುವ ಊರಿದು. ಎರೆಮಣ್ಣಲ್ಲಿ ನೀರು ನಿಂತರೆ ಗಂಧದ ಬೇರು ತಡೆಯುವುದಿಲ್ಲ.

ಹಿರಿಯರು ಹೇಳಿದ್ದಕ್ಕೆ ಬರೋಣ. ಇದು ಕರಿಬೇವಿನ ಸತ್ವ ಹೀರುತ್ತಿದೆ ಅಂದರಲ್ಲ, ಆ ಮಾತಿನಲ್ಲಿ ಸತ್ಯ ಇದೆ. ಗಂಧ ಅರೆ ಪರಾವಲಂಬಿ ಗಿಡ. ಎಲೆ ಹಸಿರಾಗಿದೆ, ಬಿಸಿಲಲ್ಲಿ ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ. ಆದರೆ ನೀರು ಮತ್ತು ಲವಣಕ್ಕೆ ಪಕ್ಕದ ಗಿಡಗಳ ಬೇರಿಗೆ ತನ್ನ ಬೇರಿನಿಂದ ಗುಂಡಿಯಂಥ ಪುಟ್ಟ ಅಂಗವನ್ನು ಅಂಟಿಸಿ ಎಳೆದುಕೊಳ್ಳುತ್ತದೆ. ಇದಕ್ಕೆ ಇಂಥದೇ ಗಿಡ ಬೇಕು ಅಂತಿಲ್ಲ, ಹುಲ್ಲಿನಿಂದ ಹಿಡಿದು ದೊಡ್ಡ ಮರದವರೆಗೆ ನೂರಾರು ಜಾತಿಯ ಬೇರು ಆಗುತ್ತದೆ. ಆದರೂ ಇಷ್ಟು ದಿನ ಚೆನ್ನಾಗಿ ಬೆಳೆದ ಕರಿಬೇವಿನ ಮರ ಇದೊಂದರಿಂದ ಸಾಯುವುದಿಲ್ಲ. ನಿಮಗೆ ಸಮಾಧಾನ ಬೇಕಿದ್ದರೆ ಗಂಧದ ಇನ್ನೊಂದು ಪಕ್ಕಕ್ಕೆ ನಾಲ್ಕು ತೊಗರಿ ಕಾಳು ಊರಿ. ಗಂಧ ಬೆಳೆಸುವ ರೈತರು ಪಕ್ಕದಲ್ಲಿ ತೊಗರಿ ಹಾಕುವುದು ಸುಮ್ನೆ ಅಲ್ಲ. ನರ್ಸರಿಯವರು ಪಾಕೀಟಿನಲ್ಲೇ ಗಂಧದ ಜೊತೆ ಹೊನಗೊನೆ ಸೊಪ್ಪಿನ ಕಡ್ಡಿ ನೆಡುವುದೂ ಇದೇ ಕಾರಣಕ್ಕೆ.

ಬೇರೆ ಕಡೆ ಹಚ್ಚಬೇಡಿ ಅಂದದ್ದೂ ಇದಕ್ಕೇ. ಅಗೆದು ಎತ್ತಿದರೆ ಆ ಬೇರಿನ ಬೆಸುಗೆಯೆಲ್ಲ ಹರಿದುಹೋಗುತ್ತದೆ. ಇಷ್ಟು ದೊಡ್ಡದಾದ ಮೇಲೆ ಹೊಸ ಜಾಗದಲ್ಲಿ ಮತ್ತೆ ಬೆಸೆದುಕೊಳ್ಳುವಷ್ಟರಲ್ಲಿ ಗಿಡ ಒಣಗುವ ಸಾಧ್ಯತೆಯೇ ಜಾಸ್ತಿ. ಇದ್ದಲ್ಲೇ ಇರಲಿ. ಬುಡದಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ, ಬುಡದ ಸುತ್ತ ಆಳಕ್ಕೆ ಅಗೆಯಬೇಡಿ. ಮುಂದೆ ಎಂದಾದರೂ ಎಲೆಗಳು ತೀರಾ ಸಣ್ಣದಾಗಿ, ಒತ್ತೊತ್ತಾಗಿ, ಮೊನಚಾಗಿ ಮೇಲಕ್ಕೆ ಎದ್ದು ನಿಂತರೆ ಸ್ಪೈಕ್ ರೋಗ ಇರಬಹುದು ಅಂತ ತಿಳಿಯಿರಿ. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡ ಈ ರೋಗ ನಮ್ಮ ಗಂಧದ ಕಾಡುಗಳನ್ನು ಬಹಳ ಹಾಳು ಮಾಡಿದೆ. ಅದಕ್ಕೆ ಇನ್ನೂ ಸರಿಯಾದ ಮದ್ದಿಲ್ಲ.

ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಹಳಬರಿಗೆ ಗಂಧದ ಸಸಿ ಕಂಡರೆ ಹೆದರಿಕೆ. ಅದಕ್ಕೆ ಕಾರಣ ಇದೆ. 1792ರಲ್ಲಿ ಟಿಪ್ಪು ಮೈಸೂರು ಸೀಮೆಯಲ್ಲಿ ಗಂಧವನ್ನು ರಾಜವೃಕ್ಷ ಅಂತ ಸಾರಿದ. ಆಮೇಲೆ ಬಂದ ಸರ್ಕಾರಗಳೂ ಮರ ತಮ್ಮದು ಅಂತಲೇ ಇಟ್ಟುಕೊಂಡವು. ಹೊಲ ನಿಮ್ಮದು, ಅದರೊಳಗಿನ ಗಂಧ ಸರ್ಕಾರದ್ದು, ಕಳುವಾದರೆ ಉತ್ತರ ಹೇಳಬೇಕಾದವರು ಮಾತ್ರ ನೀವು. ಹೀಗಿದ್ದಾಗ ಯಾರು ಬೆಳೆಸುತ್ತಾರೆ ಹೇಳಿ? ಸಸಿ ಕಂಡಲ್ಲೇ ಸದ್ದಿಲ್ಲದೆ ಕಿತ್ತು ಹಾಕುತ್ತಿದ್ದರು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದು, ಜಮೀನಿನ ಮಾಲೀಕರೇ ಅದರಲ್ಲಿರುವ ಗಂಧದ ಮರದ ಹಕ್ಕುದಾರರು ಅಂತ ಆಯಿತು. ಈಗ ಹಿತ್ತಲಲ್ಲಿ ಗಂಧ ಇದ್ದರೆ ಅಪರಾಧವಲ್ಲ, ನೀವು ಬೆಳೆಸಬಹುದು. ಆದರೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಮರ ದೊಡ್ಡದಾದ ಮೇಲೆ ಕಳ್ಳರ ಕಣ್ಣು ಬೀಳುತ್ತದೆ, ಹಾಗಾಗಿ ಫೋಟೊ ತೆಗೆದು ಎಲ್ಲರಿಗೂ ಹಂಚಬೇಡಿ. ಪಹಣಿ ಇರುವ ಜಮೀನಾದರೆ ಅದರಲ್ಲಿ ನಮೂದು ಮಾಡಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಗದಗ ಜಿಲ್ಲೆ ಮುಂಡರಗಿ ತಾಲೂಕಿನವನು. ಕಪ್ಪತಗುಡ್ಡದ ಸೆರಗಿನಲ್ಲಿ ನಮ್ಮ ಹೊಲ. ಗುಡ್ಡದ ತುಂಬ ಆಳೆತ್ತರದ ಒಂದು ಪೊದೆ ಇದೆ. ಬ್ಯಾಸಗಿಯಲ್ಲೂ ಹಸಿರು. ಎಲೆ ಹಿಡಿದರೆ ಕೈ ಅಂಟಂಟು. ಆಡು ಕೂಡ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ವಿಚಿತ್ರ ಏನೆಂದರೆ ಕೆಲವು ಗಿಡದಲ್ಲಿ ಕಾಗದದಂಥ ಕಾಯಿ ಗೊಂಚಲು ಗೊಂಚಲಾಗಿ ಬಿಡುತ್ತವೆ, ಕೆಲವಕ್ಕೆ ಒಂದೂ ಇಲ್ಲ. ಎರಡು ಬೇರೆ ಬೇರೆ ಜಾತಿಯೇ?

ಉತ್ತರ: ಒಂದೇ ಜಾತಿ. ಇದು ಬಂದರಿಕೆ, ಡೊಡೊನಿಯ ವಿಸ್ಕೋಸ. ಇದರಲ್ಲಿ ಸಾಮಾನ್ಯವಾಗಿ ಗಂಡು ಹೂವಿನ ಗಿಡ ಬೇರೆ, ಹೆಣ್ಣು ಹೂವಿನ ಗಿಡ ಬೇರೆ. ಕಾಯಿ ಬಿಡುವುದು ಹೆಣ್ಣು ಗಿಡ. ಹೂವಿಗೆ ಎಸಳೇ ಇಲ್ಲ, ಪರಾಗ ಹಾರಿಸುವ ಕೆಲಸ ಗಾಳಿಯದು, ಹಾಗಾಗಿ ಇದು ಯಾವಾಗ ಹೂ ಬಿಟ್ಟಿತು ಅಂತ ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ.

ಒಂದು ಕಾಯಿ ಕಿತ್ತು ಅಂಗೈ ಮೇಲೆ ಇಟ್ಟುಕೊಳ್ಳಿ. ನಡುವೆ ಚಪ್ಪಟೆ ಹೊಟ್ಟೆ, ಅದರ ಸುತ್ತ ಎರಡೋ ಮೂರೋ ನಾಲ್ಕೋ ತೆಳ್ಳನೆ ರೆಕ್ಕೆ. ಎಳೆಯದರಲ್ಲಿ ಹಸಿರು, ಆಮೇಲೆ ನಸುಗೆಂಪು, ಒಣಗಿದಾಗ ಕಂದು. ಗಾಳಿ ಬೀಸಿದರೆ ಇಡೀ ಪೊದೆ ಸರಸರ ಸದ್ದು ಮಾಡುತ್ತದೆ. ಒಳಗಿನ ಬೀಜ ಕಪ್ಪು. ರೆಕ್ಕೆ ಇರುವುದರಿಂದ ಗಾಳಿಗೆ ಹಾರಿ ಹೋಗಿ ಬೇರೆ ಕಡೆ ಹುಟ್ಟುತ್ತದೆ.

ಕೈಗೆ ಅಂಟುವುದು ಎಲೆಯ ಮೇಲಿರುವ ರಾಳದಂಥ ಲೇಪ. ಬಿಸಿಲಿಗೆ ಎಲೆ ಹೊಳೆಯುವುದೂ ಅದರಿಂದಲೇ. ಎಲೆಯೊಳಗಿನ ನೀರು ಆವಿಯಾಗಿ ಹೋಗದಂತೆ ಅದು ತಡೆಯುತ್ತದೆ. ಆಡು ಮುಟ್ಟದಿರುವುದಕ್ಕೂ ಅದೇ ಕಾರಣ. ಕಲ್ಲು ತುಂಬಿದ, ಮಣ್ಣೇ ಇಲ್ಲದ ಗುಡ್ಡದಲ್ಲಿ ಮೇವಿನ ಕಾಟ ಇದ್ದರೂ ಬಂದರಿಕೆ ಉಳಿದುಕೊಳ್ಳುತ್ತದೆ. ಅದರ ಬೇರು ಮಣ್ಣು ಹಿಡಿಯುತ್ತದೆ, ನೆರಳಲ್ಲಿ ಬೇರೆ ಸಸಿ ಹುಟ್ಟುತ್ತದೆ. ಹಳ್ಳಿಗಳಲ್ಲಿ ಉಳುಕಿದ ಜಾಗಕ್ಕೆ ಇದರ ಎಲೆ ಬಿಸಿ ಮಾಡಿ ಕಟ್ಟುವ ರೂಢಿ ಇದೆ, ನಿಮ್ಮ ಊರಿನ ಹಿರಿಯರಿಗೂ ಗೊತ್ತಿರಬಹುದು.

ನಿಮ್ಮ ಪತ್ರದ ಕೊನೆಯಲ್ಲಿ "ಇದನ್ನು ಸವರಿ ಹೊಲದ ಬೇಲಿಗೆ ತರಬಹುದೇ" ಅಂತ ಕೇಳಿದ್ದೀರಿ. ನಿಮ್ಮ ಹೊಲದ ಬದುವಿನಲ್ಲಿ ಇದ್ದದ್ದನ್ನು ಬಳಸಿ, ತೊಂದರೆ ಇಲ್ಲ. ಗುಡ್ಡದಿಂದ ಬೇಡ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಸುಮಾರು 244 ಚದರ ಕಿಲೋಮೀಟರ್. ಅಲ್ಲಿನ ಸೊಪ್ಪು ಸದೆ ಸವರುವಂತಿಲ್ಲ. ಬೇಕಿದ್ದರೆ ಮಾಗಿದ ಬೀಜ ನಿಮ್ಮ ಬದುವಿನ ಗಿಡದಿಂದಲೇ ತೆಗೆದು, ಬಿಸಿನೀರಲ್ಲಿ ಒಂದು ರಾತ್ರಿ ನೆನೆಸಿ, ಮಳೆ ಹಿಡಿಯುವ ಹೊತ್ತಿಗೆ ಸಾಲಾಗಿ ಊರಿ. ಬೇಲಿಗೆ ಇದಕ್ಕಿಂತ ಗಟ್ಟಿ ಗಿಡ ನಿಮ್ಮ ಮಣ್ಣಿಗೆ ಸಿಗುವುದು ಕಷ್ಟ.

ಪ್ರಶ್ನೆ: ಹುಬ್ಬಳ್ಳಿಯ ನಮ್ಮ ಲೇಔಟ್‌ನಲ್ಲಿ ಉದ್ಯಾನದ ಸುತ್ತ ಒಂದೇ ಥರದ ಗಿಡ ಹಚ್ಚಿದ್ದಾರೆ. ಎರಡೇ ವರ್ಷಕ್ಕೆ ಗೋಡೆಯ ಹಾಗೆ ಬೆಳೆದಿವೆ. ಎಷ್ಟು ಕತ್ತರಿಸಿದರೂ ಮತ್ತೆ ದಟ್ಟ ಹಸಿರು. ಚಿಕ್ಕ ಹಸಿರು ಗುಂಡು ಕಾಯಿ ಬಿಡುತ್ತವೆ. ಹಚ್ಚಿದವರಿಗೂ ಹೆಸರು ಗೊತ್ತಿಲ್ಲ. ಮನೆ ಮುಂದೆ ನಾವೂ ಹಚ್ಚಬಹುದೇ?

ಉತ್ತರ: ಎಲೆಯ ಬುಡ ನೋಡಿ. ತೊಟ್ಟು ಎಲೆಗೆ ಸೇರುವ ಜಾಗದಲ್ಲಿ, ಎರಡೂ ಪಕ್ಕಕ್ಕೆ ಸಾಸಿವೆಗಿಂತ ಸಣ್ಣ ಎರಡು ಗಂಟು ಕಂಡರೆ, ಎಲೆಗಳು ಎದುರುಬದುರಾಗಿರದೆ ಒಂದಾದ ಮೇಲೊಂದು ಬಂದಿದ್ದರೆ, ಅದು ಕೊನೊಕಾರ್ಪಸ್. ಆ ಗಂಟುಗಳು ಉಪ್ಪು ಹೊರಹಾಕುವ ಗ್ರಂಥಿಗಳು. ಮೂಲದಲ್ಲಿ ಇದು ಸಮುದ್ರದ ಅಂಚಿನ ಗಿಡ. ಒಂದು ಜಾತಿ ಅಮೆರಿಕ ಮತ್ತು ಪಶ್ಚಿಮ ಆಫ್ರಿಕದ ಕರಾವಳಿಯದು, ಇನ್ನೊಂದು ಸೊಮಾಲಿಯಾ, ಯೆಮನ್ ಕಡೆಯದು. ನೀವು ಕಾಯಿ ಅಂದದ್ದು ಹೂಗೊಂಚಲು ಬಲಿತು ಆದ ಗುಂಡು, ಬೆರಳಲ್ಲಿ ಉಜ್ಜಿದರೆ ಪುಡಿಪುಡಿಯಾಗಿ ಉದುರುತ್ತದೆ.

ಹಚ್ಚಬೇಡಿ ಅಂತಲೇ ನನ್ನ ಸಲಹೆ. ಬೇಗ ಬೆಳೆಯುತ್ತದೆ, ಬಿಸಿಲು ತಡೆಯುತ್ತದೆ, ದನ ತಿನ್ನುವುದಿಲ್ಲ ಅಂತ ದೇಶದ ತುಂಬ ಹಚ್ಚಿದರು. ಆಮೇಲೆ ಬೇರು ನೀರಿನ ಪೈಪು, ಗಟಾರಗಳಿಗೆ ನುಗ್ಗುತ್ತದೆ, ಗಾಳಿಗೆ ಹಾರುವ ಪರಾಗದಿಂದ ಅಲರ್ಜಿ ಆಗುತ್ತದೆ ಅನ್ನುವ ದೂರು ಬಂದವು. 2023ರಲ್ಲಿ ಗುಜರಾತ್ ಅರಣ್ಯ ಇಲಾಖೆ ಇದನ್ನು ಹಚ್ಚುವುದನ್ನೇ ನಿಲ್ಲಿಸಿತು, 2025ರಲ್ಲಿ ತಮಿಳುನಾಡು ಸರ್ಕಾರವೂ ನಿಷೇಧಿಸಿತು. ಕಾರಣ ಅಷ್ಟೇ ಅಲ್ಲ. ಒಂದು ಬಡಾವಣೆಯಲ್ಲಿ ಸಾಲಾಗಿ ನೂರು ಗಿಡ ಹಚ್ಚುವುದಿದ್ದರೆ, ಆ ನೂರೂ ನಮ್ಮ ಹಕ್ಕಿಗೆ, ಜೇನಿಗೆ, ಚಿಟ್ಟೆಗೆ ಏನಾದರೂ ಕೊಡುವಂಥವು ಯಾಕಾಗಬಾರದು?

ಮನೆ ಮುಂದೆ ಸದಾ ಹಸಿರು ಬೇಕಾದರೆ ರಂಜ ಹಚ್ಚಿ, ಬಕುಲ ಅಂತಲೂ ಅನ್ನುತ್ತಾರೆ. ನಿಧಾನಕ್ಕೆ ಬೆಳೆಯುತ್ತದೆ, ಅದೊಂದು ತಾಳ್ಮೆ ಬೇಕು. ಅಂಚು ತುಸು ಅಲೆಯಲೆಯಾದ ಹೊಳೆಯುವ ಎಲೆ, ಬೆಳಿಗ್ಗೆ ನೆಲದ ಮೇಲೆ ನಕ್ಷತ್ರದಂಥ ಹೂ, ಒಣಗಿದ ಮೇಲೂ ಪರಿಮಳ. ಬೇಗ ನೆರಳು ಬೇಕು ಅನ್ನುವವರಿಗೆ ಹೊಂಗೆ ಇದೆ, ನಮ್ಮ ಕಡೆಯ ಹುಲಗಲ. ಅದು ಬೇಸಿಗೆಯ ಮೊದಲಿಗೆ ಕೆಲವು ದಿನ ಎಲೆ ಉದುರಿಸಿ, ಬೆನ್ನಿಗೇ ಮಿರಿಮಿರಿ ಮಿಂಚುವ ತಳಿರು ಹೊರಡಿಸುತ್ತದೆ. ಆ ಕೆಲವು ದಿನದ ಕಸಕ್ಕೆ ಹೆದರಿ ಎಷ್ಟೋ ಜನ ಬೇಡ ಅನ್ನುತ್ತಾರೆ. ನಿಜ ಹೇಳಬೇಕಂದರೆ ನಿತ್ಯಹಸಿರು ಅನ್ನಿಸಿಕೊಂಡ ಮರವೂ ಎಲೆ ಉದುರಿಸುತ್ತದೆ, ಒಂದೇ ಸಲ ಅಲ್ಲ, ವರ್ಷವಿಡೀ ಸ್ವಲ್ಪ ಸ್ವಲ್ಪ. ಕಸ ಗುಡಿಸುವುದು ತಪ್ಪುವುದಿಲ್ಲ.

ಪ್ರಶ್ನೆ: ನಮ್ಮ ಶಾಲೆಯ ಕಂಪೌಂಡಿಗೆ ಹತ್ತಿ ಎತ್ತರಕ್ಕೆ ನೆಟ್ಟಗೆ ಬೆಳೆದ ಅಶೋಕ ಮರಗಳಿವೆ. ರಾಮಾಯಣದ ಅಶೋಕವನದಲ್ಲಿದ್ದದ್ದು ಇದೇ ಅಂತ ಮಕ್ಕಳಿಗೆ ಹೇಳಬಹುದೇ?

ಉತ್ತರ: ಇದಲ್ಲ. ನಿಮ್ಮಲ್ಲಿರುವುದು ಕಂಬದ ಮರ. ಸೀತಾಫಲದ ಕುಟುಂಬದ್ದು. ಎಲೆ ಬಿಡಿಬಿಡಿ, ಉದ್ದ, ಅಂಚು ಅಲೆಯಲೆ, ಹೂ ಎಲೆಯದೇ ಹಸಿರು ಬಣ್ಣದ ನಕ್ಷತ್ರ, ಹಣ್ಣಾದಾಗ ಬಾವಲಿಗಳು ಬರುತ್ತವೆ. ನಿಜವಾದ ಅಶೋಕ ಹುಣಸೆಯ ಕುಟುಂಬದ್ದು. ಒಂದು ಕಡ್ಡಿಗೆ ಹಲವು ಜೋಡಿ ಎಲೆ, ತಾಮ್ರದ ಬಣ್ಣದ ಎಳೆ ತಳಿರು ಜೋಲಾಡುತ್ತಿರುತ್ತದೆ, ಕಿತ್ತಳೆ ಕೆಂಪಿನ ಹೂಗುಚ್ಛ ಹಳೆಯ ಟೊಂಗೆಯ ಮೇಲೇ ಅರಳುತ್ತದೆ. ಶಾಲೆಯಲ್ಲಿ ನೀರಿನ ಅನುಕೂಲ ಇದ್ದರೆ ಅದನ್ನೂ ಒಂದು ಹಚ್ಚಿ. ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದ ಮಗು ಮರೆಯುವುದಿಲ್ಲ.

ಪ್ರಶ್ನೆ: ಹಾವೇರಿ ಜಿಲ್ಲೆ ಬ್ಯಾಡಗಿ ಕಡೆಯವರು ನಾವು. ಮನೆಯ ಬೇಲಿಗೆ ಸಾಲಾಗಿ ಒಂದು ಗಿಡ ಇದೆ, ಉದ್ದನೆ ಸಪೂರ ಎಲೆ, ಹಳದಿ ಗಂಟೆಯಂಥ ಹೂ. ಪೂಜೆಗೂ ಕಿತ್ತುಕೊಳ್ಳುತ್ತೇವೆ. ಮುರಿದರೆ ಹಾಲು ಸುರಿಯುತ್ತದೆ. ಮೊಮ್ಮಗ ಅದರ ಕಾಯಿಗಳನ್ನು ಗೋಲಿ ಮಾಡಿಕೊಂಡು ಆಡುತ್ತಾನೆ. ಏನೂ ತೊಂದರೆ ಇಲ್ಲವಷ್ಟೇ?

ಉತ್ತರ: ಅಮ್ಮಾ, ಇದನ್ನು ಓದಿದ ಕೂಡಲೇ ಆ ಕಾಯಿಗಳನ್ನು ಮಗುವಿನ ಕೈಯಿಂದ ತೆಗೆದು ಬಿಸಾಡಿ. ಇದು ಹಳದಿ ಕಣಗಿಲೆ. ಗಿಡದ ಎಲ್ಲ ಭಾಗವೂ ವಿಷ, ಕಾಯಿಯೊಳಗಿನ ತಿರುಳಂತೂ ತೀರಾ ವಿಷ. ಅದು ನೇರವಾಗಿ ಹೃದಯದ ಬಡಿತವನ್ನು ಕೆಡಿಸುತ್ತದೆ. ಬೇಲಿಗೆ ಹಾಕಿದ್ದು ದನ ಮುಟ್ಟುವುದಿಲ್ಲ ಅಂತ. ಮುಟ್ಟದಿರಲು ಕಾರಣವೂ ಆ ವಿಷವೇ.

ಗುರುತು ಹೇಳುತ್ತೇನೆ, ಬೇರೆಯವರಿಗೂ ಬೇಕಾಗುತ್ತದೆ. ಎಲೆ ಬೆರಳಿಗಿಂತ ಸಪೂರ, ಹೊಳಪು, ಟೊಂಗೆಯ ಸುತ್ತ ಸುರುಳಿಯಂತೆ ಒತ್ತಾಗಿ ಬಂದಿರುತ್ತದೆ. ಕಾಯಿಗೆ ಮೂಲೆ ಇದ್ದು ದಪ್ಪನೆ ತ್ರಿಕೋನದ ಹಾಗಿರುತ್ತದೆ, ಹಸಿರಾಗಿದ್ದದ್ದು ಹಣ್ಣಾದಾಗ ಕಪ್ಪು, ಒಳಗೆ ಗಟ್ಟಿ ಬೀಜ. ಗುಲಾಬಿ ಅಥವಾ ಬಿಳಿ ಹೂವಿನ ಇನ್ನೊಂದು ಕಣಗಿಲೆ ಬೇರೆ ಗಿಡ. ಅದರಲ್ಲಿ ಒಂದೇ ಗಿಣ್ಣಿನಿಂದ ಮೂರು ಮೂರು ಎಲೆ ಬರುತ್ತವೆ, ಕಾಯಿ ಉದ್ದನೆ ಕೋಡು. ಅದೂ ಅಷ್ಟೇ ವಿಷ.

ಮಗು ಯಾವತ್ತಾದರೂ ಬಾಯಿಗೆ ಹಾಕಿಕೊಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಾ, ಮಜ್ಜಿಗೆ ಕೊಡುತ್ತಾ ಹೊತ್ತು ಕಳೆಯಬೇಡಿ. ಚೆನ್ನಾಗಿ ಕಂಡರೂ ಸರಿ, ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ. 108ಕ್ಕೆ ಫೋನ್ ಮಾಡಿ. ಗಿಡದ ಒಂದು ಟೊಂಗೆ, ಒಂದು ಕಾಯಿ ಚೀಲದಲ್ಲಿ ಹಾಕಿಕೊಂಡು ಹೋದರೆ ವೈದ್ಯರಿಗೆ ಯಾವ ವಿಷ ಅಂತ ಹುಡುಕುವ ಸಮಯ ಉಳಿಯುತ್ತದೆ. ಕತ್ತರಿಸಿದ ಕಟ್ಟಿಗೆಯನ್ನು ಒಲೆಗೆ ಹಾಕಬೇಡಿ, ಹೊಗೆಯೂ ಕೆಟ್ಟದ್ದು. ಹೂ ಕಿತ್ತ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಮಗು ದೊಡ್ಡದಾಗುವವರೆಗೆ ಬೇಲಿಯನ್ನೇ ಬದಲಿಸುವುದು ಮೇಲು. ನಿಮ್ಮ ಮಣ್ಣಿಗೆ ಕವಳಿ ಚೆನ್ನಾಗಿ ಬರುತ್ತದೆ. ಅದಕ್ಕೂ ಹಾಲಿದೆ, ಆದರೆ ಎಲೆ ದುಂಡಗೆ, ಎದುರುಬದುರು, ಜೊತೆಗೆ ಗಟ್ಟಿ ಮುಳ್ಳು. ದನ ದಾಟುವುದಿಲ್ಲ, ಬೇಸಿಗೆ ಕೊನೆಗೆ ಮೊಮ್ಮಗನಿಗೆ ತಿನ್ನಲು ಕವಳಿಹಣ್ಣೂ ಸಿಗುತ್ತದೆ, ಕಾಯಿಯಿಂದ ನಿಮಗೆ ಉಪ್ಪಿನಕಾಯಿ ಆಗುತ್ತದೆ.

ಪ್ರಶ್ನೆ: ದೀಪಾವಳಿ ಮುಂದೆ ಧಾರವಾಡದಲ್ಲಿ ಸಂಜೆ ವಾಕಿಂಗ್ ಹೋದರೆ ಒಂದು ಮರದ ಕೆಳಗೆ ತಲೆ ನೋಯುವಷ್ಟು ಘಾಟು ಪರಿಮಳ. ಎಲೆಗಳು ಛತ್ರಿಯ ಕಡ್ಡಿಯಂತೆ ಸುತ್ತಲೂ ಇವೆ. ಯಾವ ಮರ?

ಉತ್ತರ: ಏಳೆಲೆ ಹಾಲೆ, ಸಪ್ತಪರ್ಣ. ಒಂದು ಗಿಣ್ಣಿನಲ್ಲಿ ಏಳೇ ಎಲೆ ಇರಬೇಕು ಅಂತಿಲ್ಲ, ನಾಲ್ಕರಿಂದ ಎಂಟರವರೆಗೆ ಇರುತ್ತವೆ. ಚಿವುಟಿದರೆ ಹಾಲು. ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ತಿಳಿಹಸಿರು ಬಿಳುಪಿನ ಹೂ, ಆಮೇಲೆ ಜೋಡಿಜೋಡಿ ಉದ್ದನೆ ದಾರದಂಥ ಕಾಯಿ. ಇದರ ಹಗುರ ಹಲಗೆಯಿಂದ ಹಿಂದೆ ಬರೆಯುವ ಹಲಗೆ ಮಾಡುತ್ತಿದ್ದರು. ಶಾಂತಿನಿಕೇತನದಲ್ಲಿ ಪದವಿ ಪಡೆದವರಿಗೆ ಇದೇ ಮರದ ಎಲೆ ಕೊಡುವ ರೂಢಿ ಇತ್ತು. ಪರಿಮಳ ಒಗ್ಗದಿದ್ದರೆ ಆ ಎರಡು ತಿಂಗಳು ವಾಕಿಂಗಿಗೆ ಬೇರೆ ರಸ್ತೆ ಹಿಡಿಯಿರಿ, ಮರ ಕಡಿಸಲು ಅರ್ಜಿ ಕೊಡಬೇಡಿ.

ಪ್ರಶ್ನೆ: ಗಿಡ ಗುರುತಿಸಲು ನಿಮಗೆ ಏನೇನು ಕಳಿಸಬೇಕು? ಹೂವಿನ ಫೋಟೊ ಸಾಕೇ?

ಉತ್ತರ: ಸಾಲದು. ಹೂ ಸಿಗುವುದು ಕೆಲವೇ ದಿನ, ಎಲೆ ವರ್ಷವಿಡೀ. ಟೊಂಗೆಗೆ ಎಲೆ ಅಂಟಿದ ಜಾಗದ ಫೋಟೊ ಮೊದಲು ಬೇಕು, ಎದುರುಬದುರೋ, ಒಂದಾದ ಮೇಲೊಂದೋ, ಸುತ್ತಲೂ ಇವೆಯೋ ತಿಳಿಯಬೇಕು. ಆಮೇಲೆ ಎಲೆಯ ಬೆನ್ನು. ಆಮೇಲೆ ಇಡೀ ಗಿಡ, ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ಎತ್ತರ ಗೊತ್ತಾಗುತ್ತದೆ. ತೊಗಟೆ, ಕಾಯಿ ಇದ್ದರೆ ಅವೂ ಇರಲಿ. ಜೊತೆಗೆ ಬರೆಯಿರಿ: ಹಾಲು ಇದೆಯೋ ಇಲ್ಲವೋ, ಹಿಸುಕಿದರೆ ಎಂಥ ವಾಸನೆ, ಯಾವ ಮಣ್ಣು, ಯಾವ ತಿಂಗಳು, ಯಾರಾದರೂ ಹಚ್ಚಿದ್ದೋ ತಾನಾಗಿ ಬಂದದ್ದೋ. ಗೊತ್ತಿಲ್ಲದ ಗಿಡದ ಯಾವುದನ್ನೂ ಬಾಯಿಗೆ ಹಾಕಿ ರುಚಿ ನೋಡಬೇಡಿ, ಹಾಲು ಕಣ್ಣಿಗೆ ತಾಗದಿರಲಿ.

ಫೋಟೊದಿಂದ ಬಗೆಹರಿಯದಿದ್ದರೆ ಹೂವೋ ಕಾಯಿಯೋ ಇರುವ ಒಂದು ಗೇಣು ಟೊಂಗೆಯನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಒಂದು ಎಲೆಯನ್ನಾದರೂ ಬೆನ್ನು ಮೇಲಾಗಿ ಮಡಚಿ, ಮೇಲೆ ಭಾರದ ಪುಸ್ತಕ ಹೇರಿ. ಮೊದಲ ಕೆಲವು ದಿನ ಹಾಳೆಗಳನ್ನು ದಿನಾ ಬದಲಿಸಿ, ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ. ಹೂವಿನ ಬಣ್ಣ ಒಣಗಿದಾಗ ಹೋಗಿಬಿಡುತ್ತದೆ, ಅದನ್ನು ಮೊದಲೇ ಚೀಟಿಯಲ್ಲಿ ಬರೆದಿಡಿ. ಒಣಗಿದ್ದನ್ನು ದಪ್ಪ ರಟ್ಟಿಗೆ ಹೊಲಿದು, ಊರು ಮತ್ತು ತಾರೀಖು ಹಾಕಿ. ಧಾರವಾಡದಲ್ಲಿ ಇರುವವರು ಅದನ್ನು ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗಕ್ಕೋ ಕೃಷಿ ವಿಶ್ವವಿದ್ಯಾಲಯಕ್ಕೋ ಒಯ್ದು ಕೇಳಿ ನೋಡಬಹುದು. ಬೇರೆ ಊರಿನವರು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರನ್ನು ಹಿಡಿಯಿರಿ. ನನಗೆ ಕಳಿಸುವುದಾದರೆ ರಟ್ಟಿನ ಎರಡೂ ಕಡೆ ಇನ್ನೊಂದು ರಟ್ಟು ಕಟ್ಟಿ ಕಳಿಸಿ, ಅಂಚೆಯಲ್ಲಿ ಎಲೆ ಪುಡಿಯಾಗದೆ ಬರುತ್ತದೆ.